ಜನಸಂದಣಿಯಲ್ಲಿ ಈರ್ಯಾಸಮಿತಿ

ಮುನಿಗಳಿಗೆ ವಿಧಿಸಲಾದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನ ಬೆಳಕಿನಲ್ಲಿ, ಜನರೂ ದನಕರುಗಳೂ ಈಗಾಗಲೇ ತುಳಿದು ಹೋದ ಹಾದಿಯಲ್ಲಿ, ತನ್ನ ಮುಂದಿನ ನಾಲ್ಕು ಮೊಳ ನೆಲದ ಮೇಲೆ ಕಣ್ಣಿಟ್ಟು, ಅವಸರವಿಲ್ಲದೆ ನಡೆಯಬೇಕೆಂಬುದು ಅದರ ತಾತ್ಪರ್ಯ. ಮಹಾವ್ರತಿಗಳಿಗೆ ಅನ್ವಯಿಸುವಷ್ಟು ಕಠಿಣವಾಗಿ ಇದು ಗೃಹಸ್ಥನಿಗೆ ಅನ್ವಯಿಸುವುದಿಲ್ಲವೆಂಬುದು ನಿಜ. ಆದರೂ ಶ್ರಾವಕನ ನಡೆಯಲ್ಲಿ ಯತ್ನಾಚಾರವಿರಬೇಕೆಂದು ಆಚಾರ್ಯರೆಲ್ಲರೂ ಹೇಳಿದ್ದಾರೆ. ಯತ್ನಾಚಾರವೆಂದರೆ ನೋಡಿ ನಡೆಯುವುದು, ನೋಡಿ ಇಡುವುದು, ನೋಡಿ ಎತ್ತುವುದು ಎಂದು ನಮ್ಮ ಮನೆಗಳಲ್ಲಿ ಅಜ್ಜಿಯರು ಮಕ್ಕಳಿಗೆ ಕಲಿಸುತ್ತಲೇ ಬಂದಿದ್ದಾರೆ. ಹೀಗಿರುವಾಗ ನಾಲ್ಕು ಮೊಳವಿರಲಿ, ನಾಲ್ಕು ಅಂಗುಲ ನೆಲವೂ ಕಾಣದಂತೆ ಜನ ಕಿಕ್ಕಿರಿದ ಜಿನಾಲಯವೊಂದರಲ್ಲಿ, ರಜೆಯ ದಿನದಂದು ನಾವು ಇಡುವ ಹೆಜ್ಜೆಯ ಹೊಣೆ ಯಾರದು? ಹಿಂದಿನವರು ತಳ್ಳುತ್ತಾರೆ, ಮುಂದಿನವರು ನಿಲ್ಲುತ್ತಾರೆ, ಕಾಲು ತನಗೆ ತೋಚಿದಲ್ಲಿ ಊರುತ್ತದೆ. ಆ ಕಾಲಿನ ಕೆಳಗೆ ಏನಿತ್ತೆಂದು ಕೇಳಿದರೆ ಯಾರೂ ಉತ್ತರ ಕೊಡಲಾರರು.

ಇದು ತರ್ಕಕ್ಕಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ದಸರೆಯ ರಜೆಯಲ್ಲಿಯೂ ಡಿಸೆಂಬರ್ ತಿಂಗಳ ಕೊನೆಯಲ್ಲಿಯೂ ನಮ್ಮ ಊರುಗಳಿಂದ ಉತ್ತರ ಭಾರತದ ಯಾತ್ರೆಗೆ ಹೊರಡುವ ಕುಟುಂಬಗಳು ಬಹಳ. ಸಮ್ಮೇದಗಿರಿ, ಅಯೋಧ್ಯೆ, ಹಸ್ತಿನಾಪುರಗಳ ನಡುವೆ ದೆಹಲಿಯಲ್ಲಿ ಒಂದೆರಡು ದಿನ ತಂಗುವುದು ವಾಡಿಕೆ. ದೆಹಲಿಯಲ್ಲಿ ತಂಗಿದವರು ಚಾಂದನಿ ಚೌಕದ ಲಾಲ್ ಮಂದಿರವನ್ನು ನೋಡದೆ ಬರುವುದಿಲ್ಲ. ಆದುದರಿಂದ ಆ ಒಂದು ಮಂದಿರವನ್ನೇ ಕಣ್ಣ ಮುಂದಿಟ್ಟುಕೊಂಡು ಈ ವಿಚಾರವನ್ನು ಮಾಡುತ್ತೇನೆ. ಬೇರೆ ಪಟ್ಟಣಗಳ ಪ್ರಸಿದ್ಧ ಮಂದಿರಗಳಿಗೂ ಇದು ಸಲ್ಲುವುದೇ ಆಗಿದೆ.

ಷಹಜಹಾನನು 1639ರಲ್ಲಿ ಹೊಸ ರಾಜಧಾನಿಯನ್ನು ಕಟ್ಟಲಾರಂಭಿಸಿದ ಮೇಲೆ ಅಗರವಾಲ ಜೈನ ವರ್ತಕರು ಕೋಟೆಯ ಎದುರಿನ ಬೀದಿಗಳಲ್ಲಿ ನೆಲೆಸಿದರು. ಮೊಗಲ್ ಸೈನ್ಯದಲ್ಲಿದ್ದ ಜೈನನೊಬ್ಬನು ತನ್ನ ಡೇರೆಯಲ್ಲಿ ಜಿನಬಿಂಬವನ್ನಿಟ್ಟು ಪೂಜಿಸುತ್ತಿದ್ದನೆಂದೂ, ಅದೇ ಮುಂದೆ ಮಂದಿರವಾಯಿತೆಂದೂ ಐತಿಹ್ಯವಿದೆ. 'ಲಷ್ಕರಿ ಮಂದಿರ', 'ಉರ್ದು ಮಂದಿರ' ಎಂಬ ಹಳೆಯ ಹೆಸರುಗಳು ಆ ಕತೆಯನ್ನೇ ಹೇಳುತ್ತವೆ. ಉರ್ದು ಎಂದರೆ ಪಾಳೆಯ, ಬೀಡು. ಮಂದಿರದ ಸ್ಥಾಪನೆಯನ್ನು ವಾಡಿಕೆಯಾಗಿ 1656ಕ್ಕೆ ಹಚ್ಚುತ್ತಾರೆ. ಈಗ ಕಾಣುವ ಕೆಂಪುಕಲ್ಲಿನ ಕಟ್ಟಡವೂ ಶಿಖರಗಳೂ ಆಮೇಲಿನವು. ಒಳಗಿರುವ ಪಾರ್ಶ್ವನಾಥ ಸ್ವಾಮಿಯ ಬಿಂಬ ಮಾತ್ರ ಮಂದಿರಕ್ಕಿಂತಲೂ ಹಳೆಯದು; ವಿಕ್ರಮ ಸಂವತ್ 1548ರಲ್ಲಿ, ಅಂದರೆ ಕ್ರಿ.ಶ. 1491ರ ಸುಮಾರಿಗೆ, ಜೀವರಾಜ ಪಾಪಡಿವಾಲ ಎಂಬ ಶ್ರೇಷ್ಠಿಯು ಭಟ್ಟಾರಕ ಜಿನಚಂದ್ರರ ಮಾರ್ಗದರ್ಶನದಲ್ಲಿ ಪ್ರತಿಷ್ಠೆ ಮಾಡಿಸಿದ ಅಸಂಖ್ಯ ಬಿಂಬಗಳಲ್ಲಿ ಅದು ಒಂದು. ಒಬ್ಬ ವರ್ತಕನ ಔದಾರ್ಯವು ಐದು ಶತಮಾನಗಳ ನಂತರವೂ ಹೀಗೆ ಕಣ್ಣಿಗೆ ಬೀಳುವುದು ನನ್ನಂಥ ವ್ಯಾಪಾರಿಗೆ ಸಂತೋಷದ ವಿಷಯ. ಆದರೆ ಇಲ್ಲಿ ಪ್ರಸ್ತುತವಾದುದು ಕಟ್ಟಡದ ಪಾತ್ರ. ಅಂಗಳದಲ್ಲಿ ಮಾನಸ್ತಂಭವಿದೆ, ಪೂಜಾಸ್ಥಾನವಿರುವುದು ಮೊದಲ ಅಂತಸ್ತಿನಲ್ಲಿ. ಚಪ್ಪಲಿಯನ್ನೂ ಚರ್ಮದ ಪಟ್ಟಿ ಪರ್ಸುಗಳನ್ನೂ ಕೆಳಗೆ ಬಿಟ್ಟು ಮೇಲೇರಬೇಕು. ಒಂದು ಬೀದಿಯ ಶ್ರಾವಕರಿಗೆಂದು ಬೆಳೆದ ಮಂದಿರ ಅದು, ಒಂದು ದೇಶದ ಪ್ರವಾಸಿಗರಿಗೆಂದು ಕಟ್ಟಿದ್ದಲ್ಲ.

ಎದುರಿಗೆ ಕೆಂಪುಕೋಟೆ, ಪಕ್ಕದಲ್ಲಿ ಗೌರೀಶಂಕರ ದೇವಾಲಯ, ಬೀದಿಯಲ್ಲಿ ಸ್ವಲ್ಪ ಮುಂದೆ ಸೀಸಗಂಜ್ ಗುರುದ್ವಾರ, ಬೀದಿಯ ಆ ತುದಿಯಲ್ಲಿ ಫತೇಪುರಿ ಮಸೀದಿ. 2017ರಲ್ಲಿ ಹತ್ತಿರದಲ್ಲಿಯೇ ಮೆಟ್ರೋ ನಿಲ್ದಾಣ ತೆರೆಯಿತು. 2021ರಲ್ಲಿ ಚಾಂದನಿ ಚೌಕದ ಮುಖ್ಯ ಬೀದಿಯನ್ನು ಹಗಲು ಹೊತ್ತಿನಲ್ಲಿ ಪಾದಚಾರಿಗಳಿಗೆ ಬಿಟ್ಟುಕೊಟ್ಟರು. ಬರುವುದು ಸುಲಭವಾದಂತೆಲ್ಲ ಬರುವವರು ಹೆಚ್ಚಾದರು. ಮಂದಿರದ ಮೆಟ್ಟಿಲು ಮಾತ್ರ ಅಷ್ಟೇ ಅಗಲ ಉಳಿಯಿತು. ನವರಾತ್ರಿಯಲ್ಲಿ ಕೋಟೆಯ ಮುಂದಿನ ಮೈದಾನಗಳಲ್ಲಿ ರಾಮಲೀಲೆ ನಡೆಯುತ್ತದೆ. ಆಗ ಸಂಜೆಯಾಗುತ್ತಿದ್ದಂತೆ ಆ ಇಡೀ ಪ್ರದೇಶವೇ ಜನಸಾಗರ. ನಮ್ಮ ದಸರೆಯ ರಜೆಯೂ ಸರಿಯಾಗಿ ಅದೇ ವಾರಗಳಲ್ಲಿ ಬರುತ್ತದೆಂಬುದನ್ನು ಯಾತ್ರೆಯ ಪಟ್ಟಿ ಬರೆಯುವವರು ಅಷ್ಟಾಗಿ ಗಮನಿಸಿದಂತಿಲ್ಲ.

ಇಂಥ ದಿನ ಮೆಟ್ಟಿಲ ಬಳಿ ನಿಂತು ನೋಡಿದವರಿಗೆ ಕೆಲವು ಸಂಗತಿಗಳು ತಾನಾಗಿಯೇ ಕಾಣುತ್ತವೆ. ಕೈತಪ್ಪಿ ಚೆಲ್ಲಿದ ಅಕ್ಷತೆಗೆ ಇರುವೆಗಳು ಬರುತ್ತವೆ. ಅವುಗಳ ಸಾಲಿನ ಮೇಲೆಯೇ ನೂರಾರು ಬರಿಗಾಲುಗಳು ಹಾದುಹೋಗುತ್ತವೆ. ವಯಸ್ಸಾದ ತಾಯಿಯೊಬ್ಬರು ಬಿಂಬದ ಎದುರು ಕೈಮುಗಿದು ಕಣ್ಮುಚ್ಚುವಷ್ಟರಲ್ಲಿ 'ಅಮ್ಮಾ, ಮುಂದೆ ನಡೆಯಿರಿ, ಬಸ್ಸಿಗೆ ಹೊತ್ತಾಯಿತು' ಎಂದು ಯಾತ್ರೆಯ ಮುಖಂಡನೇ ಕೂಗುತ್ತಾನೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವನು ಮೊಣಕೈಯಿಂದ ದಾರಿ ಮಾಡಿಕೊಳ್ಳುತ್ತಾನೆ, ಆ ಮೊಣಕೈ ಯಾರಿಗೆ ತಾಗಿತೆಂದು ತಿರುಗಿ ನೋಡಲು ಅವನಿಗೆ ಎಡೆಯಿಲ್ಲ. ಇವರಲ್ಲಿ ಯಾರೂ ದುಷ್ಟರಲ್ಲ. ಎಲ್ಲರೂ ಭಾವಶುದ್ಧಿಗೆಂದು ಬಂದವರೇ. ದಿನವಿಡೀ ನಡೆದ ಸಣ್ಣ ಸಣ್ಣ ನೋವುಗಳನ್ನು ಒಟ್ಟುಗೂಡಿಸಿ ಒಂದು ಲೆಕ್ಕ ಬರೆದರೆ ಅದು ದೊಡ್ಡ ಮೊತ್ತವೇ ಆದೀತು. ಆದರೆ ಆ ಖಾತೆಯನ್ನು ಯಾರ ಹೆಸರಿಗೆ ತೆರೆಯಬೇಕೆಂಬುದೇ ತಿಳಿಯದು.

ಶಾಸ್ತ್ರವು ಇಲ್ಲಿ ಏನು ಹೇಳುತ್ತದೆ? ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಕೇವಲ ಪ್ರಾಣಹಾನಿಯಲ್ಲಿ ನಿಲ್ಲಿಸಲಿಲ್ಲ; ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಆಗುವ ಹಾನಿಯನ್ನು ಹಿಂಸೆಯೆಂದರು. ಕುಂದಕುಂದಾಚಾರ್ಯರ ಪ್ರವಚನಸಾರವೂ ಇದನ್ನೇ ಇನ್ನಷ್ಟು ಖಚಿತಗೊಳಿಸುತ್ತದೆ. ಎಚ್ಚರವಿಲ್ಲದೆ ನಡೆಯುವವನಿಗೆ ಜೀವಿ ಸಾಯದಿದ್ದರೂ ಹಿಂಸೆಯ ದೋಷವಿದೆ. ಸಮಿತಿಯುಳ್ಳವನಾಗಿ ನಡೆಯುವವನ ಕಾಲಿಗೆ ಜೀವಿ ಸಿಕ್ಕರೂ ಅಷ್ಟರಿಂದಲೇ ಬಂಧವಿಲ್ಲ ಎಂಬುದು ಅಲ್ಲಿಯ ನಿಲುವು. ಈ ಎರಡನೆಯ ಮಾತನ್ನು ಹಿಡಿದುಕೊಂಡು, 'ಸಂದಣಿಯಲ್ಲಿ ನನಗೆ ಕಾಣುತ್ತಿರಲಿಲ್ಲ, ನನ್ನ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಆದುದರಿಂದ ನನಗೆ ದೋಷವಿಲ್ಲ' ಎಂದು ಸಮಾಧಾನ ಮಾಡಿಕೊಳ್ಳುವವರುಂಟು. ನನ್ನ ಸ್ನೇಹಿತರಾದ ವಿದ್ವಾಂಸರೊಬ್ಬರೇ ಹಾಗೆ ವಾದಿಸಿದ್ದರು.

ಈ ವಾದದಲ್ಲಿ ಒಂದು ಎಡವಟ್ಟಿದೆ. ಕಾಣದಿರುವುದು ಬೇರೆ, ಕಾಣದ ಸ್ಥಳಕ್ಕೆ ತಿಳಿದು ತಿಳಿದೂ ಹೋಗುವುದು ಬೇರೆ. ಮುನಿಗಳು ರಾತ್ರಿ ವಿಹಾರ ಮಾಡುವುದಿಲ್ಲ. ಏಕೆ? ಕತ್ತಲಲ್ಲಿ ನೆಲ ಕಾಣದು. ಕಾಣದೆ ಇಟ್ಟ ಹೆಜ್ಜೆಗೆ 'ಕಾಣಲಿಲ್ಲ' ಎಂಬ ಸಬೂಬನ್ನು ಧರ್ಮವು ಒಪ್ಪಲಿಲ್ಲ, ಬದಲಿಗೆ ಹೊರಡಬೇಡವೆಂದಿತು. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೆಡೆ ನಿಲ್ಲುವುದೂ ಇದೇ ಕಾರಣದಿಂದ: ಹಸಿರೂ ಹುಳುವೂ ನೆಲವನ್ನು ಮುಚ್ಚಿರುವಾಗ ನೋಡಿ ನಡೆಯುತ್ತೇನೆಂಬ ಭರವಸೆಯನ್ನು ಯಾರೂ ಕೊಡಲಾರರು. ಅಂದಮೇಲೆ ಈರ್ಯಾಸಮಿತಿಯು ಹೆಜ್ಜೆಯಿಡುವ ಕ್ಷಣದಲ್ಲಿ ಆರಂಭವಾಗುವುದಲ್ಲ. ಯಾವ ದಿನ, ಯಾವ ಹೊತ್ತು ಹೊರಡಬೇಕೆಂದು ತೀರ್ಮಾನಿಸುವಾಗಲೇ ಆರಂಭವಾಗುತ್ತದೆ. ಸಂದಣಿಯೂ ಒಂದು ಬಗೆಯ ಕತ್ತಲೆಯೇ. ಮೆಟ್ಟಿಲ ಮೇಲೆ ನನ್ನ ಕಾಲು ನನ್ನ ಅಂಕೆಯಲ್ಲಿಲ್ಲವೆಂಬುದು ಸತ್ಯ. ಆದರೆ ಪಂಚಾಂಗವೂ ರೈಲಿನ ಟಿಕೇಟೂ ನನ್ನ ಅಂಕೆಯಲ್ಲಿದ್ದವು. ಯತ್ನವು ಸಲ್ಲಬೇಕಾಗಿದ್ದುದು ಅಲ್ಲಿ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ ಹೇಳುವುದು ವಾಡಿಕೆ. ರಜೆಯ ಸಂದಣಿಯಲ್ಲಿ ಆಗುವ ಹಿಂಸೆಯನ್ನು ಇವುಗಳಲ್ಲಿ ಯಾವುದಕ್ಕೆ ಸೇರಿಸೋಣ? ಕೊಲ್ಲುವ ಸಂಕಲ್ಪವಿಲ್ಲ, ಅಡುಗೆ ಗುಡಿಸುವಿಕೆಗಳಂಥ ಅನಿವಾರ್ಯ ಗೃಹಕೃತ್ಯವಲ್ಲ, ಹೊಟ್ಟೆಪಾಡಿನ ಉದ್ಯೋಗವಲ್ಲ, ಆತ್ಮರಕ್ಷಣೆಯಂತೂ ಅಲ್ಲ. ಅದು ಇನ್ನೊಂದು ಕಡೆ, ಅನರ್ಥದಂಡಗಳ ಪಟ್ಟಿಯಲ್ಲಿ, ಪ್ರಮಾದಚರ್ಯೆಯ ಪಕ್ಕದಲ್ಲಿ ಕುಳಿತಿದೆಯೆಂದು ನನಗೆ ತೋರುತ್ತದೆ. ಪ್ರಯೋಜನವಿಲ್ಲದೆ, ಎಚ್ಚರವಿಲ್ಲದೆ ಮಾಡುವ ಓಡಾಟವನ್ನೇ ಆ ಹೆಸರಿನಿಂದ ಕರೆದಿದ್ದಾರೆ. ಜಿನದರ್ಶನಕ್ಕೆ ಹೋಗುವುದನ್ನು ಪ್ರಯೋಜನವಿಲ್ಲದ ಓಡಾಟವೆನ್ನಬಹುದೇ ಎಂದು ವಾಚಕರು ಹುಬ್ಬೇರಿಸಬಹುದು. ದರ್ಶನಕ್ಕೆ ಹೋಗುವುದನ್ನು ಹಾಗೆನ್ನಲಾಗದು. ಆದರೆ ಅರ್ಧ ನಿಮಿಷ ಬಿಂಬದ ಮುಂದೆ ತಳ್ಳಿಸಿಕೊಂಡು, 'ನೋಡಿದ್ದಾಯಿತು' ಎಂದು ಪಟ್ಟಿಯಲ್ಲಿ ಗುರುತು ಹಾಕಿ, ಕೋಟೆಯತ್ತ ಓಡುವುದಕ್ಕೆ ಯಾವ ಹೆಸರು? ಜಿನೇಂದ್ರನು ವೀತರಾಗ. ಆತನು ನಮ್ಮನ್ನು ನೋಡಿ ಒಲಿಯುವುದೂ ಇಲ್ಲ, ಬಾರದಿದ್ದರೆ ಮುನಿಯುವುದೂ ಇಲ್ಲ. ನೋಡಬೇಕಾದವರು ನಾವು, ನೋಡಿ ಪರಿಣಾಮವನ್ನು ತಿದ್ದಿಕೊಳ್ಳಬೇಕಾದವರೂ ನಾವೇ. ಆ ನೋಟಕ್ಕೇ ಎಡೆಯಿಲ್ಲದ ಕಡೆ ಪ್ರಯೋಜನ ಎಲ್ಲಿಂದ ಬಂದೀತು?

ಇರುವೆ, ಮೊಣಕೈಗಳ ಮಾತನ್ನು ಅತಿಸೂಕ್ಷ್ಮವೆಂದು ತಳ್ಳಿಹಾಕುವವರು ದೊಡ್ಡ ಲೆಕ್ಕವನ್ನೂ ನೋಡಬೇಕು. 2008ರ ಸೆಪ್ಟೆಂಬರ್ 30ರಂದು, ನವರಾತ್ರಿಯ ಮೊದಲ ದಿನ, ಜೋಧಪುರದ ಕೋಟೆಯೊಳಗಿನ ಚಾಮುಂಡಾ ದೇವಾಲಯದ ಕಾಲ್ತುಳಿತದಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು. 2025ರ ಜನವರಿ 8ರಂದು ತಿರುಪತಿಯಲ್ಲಿ ವೈಕುಂಠದ್ವಾರ ದರ್ಶನದ ಟೋಕನ್ನಿಗೆ ನಿಂತ ಸಾಲಿನಲ್ಲಿ 6 ಮಂದಿ. ಅದೇ ವರ್ಷದ ಫೆಬ್ರವರಿ 15ರ ರಾತ್ರಿ ನವದೆಹಲಿಯ ರೈಲು ನಿಲ್ದಾಣದಲ್ಲಿ 18 ಮಂದಿ. ಅವರಲ್ಲಿ ಬಹಳ ಜನ ಕುಂಭಮೇಳಕ್ಕೆ ಹೊರಟವರು. ಇವು ಬೇರೆಯವರ ಸುದ್ದಿಯೆಂದು ನಾವು ಪತ್ರಿಕೆಯ ಪುಟ ಮಗುಚುವಂತಿಲ್ಲ. 2025ರ ಜನವರಿ 28ರಂದು ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಬರೌತಿನಲ್ಲಿ ಆದಿನಾಥ ಸ್ವಾಮಿಯ ನಿರ್ವಾಣ ಮಹೋತ್ಸವ ನಡೆಯುತ್ತಿತ್ತು. ಮಾನಸ್ತಂಭದ ಬಳಿ ಮರದಿಂದ ಕಟ್ಟಿದ್ದ ತಾತ್ಕಾಲಿಕ ಅಟ್ಟಣೆಯು ಏರಿದವರ ಭಾರಕ್ಕೆ ಕುಸಿದು 7 ಮಂದಿ ತೀರಿಕೊಂಡರು, ಹತ್ತಾರು ಜನ ಗಾಯಗೊಂಡರು. ಲಾಡು ಸಮರ್ಪಿಸಲು ಬಂದ ಶ್ರಾವಕ ಶ್ರಾವಿಕೆಯರು ಅವರು. ಆ ಏಳು ಮನೆಗಳಲ್ಲಿ ಇನ್ನು ಮುಂದೆ ನಿರ್ವಾಣದ ತಿಥಿಯು ಬೇರೆಯೇ ಅರ್ಥದಲ್ಲಿ ಬರುತ್ತದೆ.

ಅಂಥ ಕಡೆ ಮೆಟ್ಟಿಲೇರಿದವರಲ್ಲಿ ಯಾರೊಬ್ಬರನ್ನೂ ದೋಷಿಯೆಂದು ಬೊಟ್ಟುಮಾಡಲಾಗದು. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ಮುಖಗಳನ್ನು ನಮ್ಮ ಆಚಾರ್ಯರು ಬರಿದೇ ಹೇಳಲಿಲ್ಲ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಸಂದಣಿಯಲ್ಲಿ 'ಕೃತ'ವು ಸಾವಿರ ಕಾಲುಗಳಲ್ಲಿ ಚೆದರಿ ಹೋಗಿ ಯಾರ ಪಾಲಿಗೂ ನಿಲ್ಲದು. 'ಕಾರಿತ'ವಾದರೋ ಚೆದರುವುದಿಲ್ಲ. ಎಷ್ಟು ಜನ ಬಂದರೂ ಬಾಗಿಲು ತೆರೆದಿಟ್ಟವರು, ಇಷ್ಟು ಭಾರ ತಾಳೀತೇ ಎಂದು ಕೇಳದೆ ಅಟ್ಟಣೆ ಕಟ್ಟಿಸಿದವರು, ಒಂದೇ ಹಗಲಿನಲ್ಲಿ ಏಳು ಸ್ಥಳ ತೋರಿಸುತ್ತೇವೆಂದು ಯಾತ್ರೆಯ ಪತ್ರಿಕೆ ಅಚ್ಚುಹಾಕಿಸಿದವರು ಎಣಿಕೆಗೆ ಸಿಗುವಷ್ಟು ಮಂದಿಯೇ. 'ಈ ಸಲ ದಾಖಲೆಯ ಜನ ಸೇರಿದ್ದರು' ಎಂದು ವರದಿಯಲ್ಲಿ ಹಿಗ್ಗಿ ಬರೆಯುವುದು 'ಅನುಮೋದನೆ'. ಈ ಕೊನೆಯ ಅಭ್ಯಾಸವು ನಮ್ಮ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಎಷ್ಟು ಬೇರೂರಿದೆಯೆಂದರೆ, ಉತ್ಸವ ಚೆನ್ನಾಗಿ ನಡೆಯಿತೇ ಎಂದು ಕೇಳಿದರೆ ಎಷ್ಟು ಜನ ಬಂದಿದ್ದರೆಂಬುದನ್ನೇ ಉತ್ತರವಾಗಿ ಕೊಡುತ್ತೇವೆ.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ಮಾತು ಅರ್ಧ ಸುಳ್ಳಾಗುತ್ತದೆ. ರಜೆಯ ದಿನ ಮಂದಿರಕ್ಕೆ ಹೋಗಬಾರದೆಂದು ವಿಧಿಸುವುದು ಸುಲಭ. ಆದರೆ ರಜೆಯಲ್ಲದ ದಿನ ಯಾರಿಗಿದೆ? ಮಿಲ್ಲಿನಲ್ಲಿ, ಕಚೇರಿಯಲ್ಲಿ, ಮತ್ತೊಬ್ಬರ ಅಂಗಡಿಯಲ್ಲಿ ದುಡಿಯುವವನಿಗೆ ವರ್ಷದಲ್ಲಿ ಸಿಗುವುದು ಎಣಿಸಿದ ದಿನಗಳು. ಮಕ್ಕಳ ಶಾಲೆಗೆ ಬಿಡುವು ಬೇಕು, ಹೆಂಡತಿಗೂ ನೌಕರಿಯಿದ್ದರೆ ಇಬ್ಬರ ರಜೆಯೂ ಕೂಡಿಬರಬೇಕು. ಉತ್ತರದ ಯಾತ್ರೆಯಂತೂ ಅಂಥವನ ಬಾಳಿನಲ್ಲಿ ಒಮ್ಮೆ ಬರುವುದು. ರೈಲಿನಲ್ಲಿ ಪರಿಚಯವಾದ ನಮ್ಮ ಕಡೆಯ ಶಾಲಾ ಮಾಸ್ತರರೊಬ್ಬರು ಹನ್ನೆರಡು ವರ್ಷ ಚೀಟಿ ಕಟ್ಟಿ ತಾಯಿಯನ್ನು ಸಮ್ಮೇದಗಿರಿಗೆ ಕರೆದೊಯ್ಯುತ್ತಿದ್ದರು. ಅವರಿಗೆ 'ಸ್ವಾಮೀ, ಸಂದಣಿಯಿಲ್ಲದ ದಿನ ಬನ್ನಿ' ಎಂದು ಹೇಳುವ ಬಾಯಿ ಯಾರಿಗಿದೆ? ಜನರ ನಡುವೆ ನಿಂತು ವಂದಿಸುವುದರಲ್ಲಿಯೂ ಒಂದು ಬೆಲೆಯಿದೆ. ಚತುರ್ವಿಧ ಸಂಘವೆಂಬ ಮಾತಿನಲ್ಲಿ ಒಂಟಿ ಶ್ರಾವಕನಿಗೆ ಜಾಗವಿಲ್ಲ. ಸಮವಸರಣದ ವರ್ಣನೆಯಲ್ಲಿ ಎಷ್ಟೊಂದು ಜೀವರು ನೆರೆದಿರುತ್ತಾರೆ! ಹನ್ನೆರಡು ಕೋಷ್ಠಗಳಲ್ಲಿ ಮುನಿಗಳು, ದೇವತೆಗಳು, ಮಾನವರು, ಕೊನೆಗೆ ಪಶುಪಕ್ಷಿಗಳೂ. ಆದರೂ ಅಲ್ಲಿ ನೂಕುನುಗ್ಗಲಿಲ್ಲ. ಪ್ರತಿಯೊಬ್ಬರಿಗೂ ಕುಳಿತಲ್ಲಿಯೇ ದಿವ್ಯಧ್ವನಿ ಕೇಳುತ್ತದೆ. ಹಾಗಾದರೆ ತೊಡಕಿರುವುದು ಬಂದವರ ಸಂಖ್ಯೆಯೊಂದರಲ್ಲೇ ಅಲ್ಲ, ಪ್ರತಿಯೊಬ್ಬರಿಗೂ ತಮ್ಮದೆಂಬ ಎಡೆ ಇಲ್ಲದಿರುವುದರಲ್ಲಿ.

ಈ ಎಡೆಯನ್ನು ಬಿಡಬೇಕಾದವರು ಯಾರು? ನಿರ್ದಾಕ್ಷಿಣ್ಯವಾಗಿ ಹೇಳುವುದಾದರೆ, ನನ್ನಂಥವರು. ಅಂಗಡಿ ನನ್ನದು, ಬೀಗ ಹಾಕುವ ದಿನವನ್ನು ನಾನೇ ಗೊತ್ತುಮಾಡಬಹುದು. ನಿವೃತ್ತರಾದವರಿಗೆ ವರ್ಷದ ಎಲ್ಲ ದಿನಗಳೂ ಒಂದೇ. ತೋಟ, ಬಾಡಿಗೆ, ಬಡ್ಡಿಗಳ ಮೇಲೆ ಬಾಳುವವರಿಗೂ ಹಾಗೆಯೇ. ತಮ್ಮ ಕಾಲಕ್ಕೆ ತಾವೇ ಒಡೆಯರಾದ ಇವರು ದಸರೆಯ ವಾರದಲ್ಲಿಯೇ ಲಾಲ್ ಮಂದಿರದ ಮೆಟ್ಟಿಲೇರುವುದೆಂದರೆ, ಒಂದೇ ದಿನ ಉಳ್ಳವನ ಪಾಲಿನಿಂದ ಆ ಒಂದು ದಿನವನ್ನೂ ಕಿತ್ತುಕೊಂಡಂತೆ. ಅಚೌರ್ಯವನ್ನು ನಾವು ಹಣಕ್ಕೂ ಸಾಮಾನಿಗೂ ಮಾತ್ರ ಹಚ್ಚಿ ನೋಡುವವರು. ತೂಕದಲ್ಲಿ ಮೋಸವಿಲ್ಲದಿದ್ದರೆ ಸಾಕೆಂದುಕೊಂಡಿರುತ್ತೇವೆ. ಪರರ ಎಡೆಯೂ ಹೊತ್ತೂ ಆ ತಕ್ಕಡಿಗೆ ಏರುವುದಿಲ್ಲ.

ಇದಕ್ಕೊಂದು ವ್ರತವೂ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ದಿಗ್ವ್ರತವು ಬಾಳಿಡೀ ಸಂಚಾರಕ್ಕೆ ಎಲ್ಲೆ ಹಾಕಿದರೆ, ದೇಶವ್ರತವು ಆ ಎಲ್ಲೆಯನ್ನು ಗೊತ್ತಾದ ಅವಧಿಗೆ ಇನ್ನಷ್ಟು ಕಿರಿದುಮಾಡುತ್ತದೆ: ಇಂದು ಈ ಬೀದಿಯನ್ನು ದಾಟೆನು, ಈ ಪಕ್ಷ ಈ ಊರನ್ನು ಬಿಡೆನು ಎಂಬ ಬಗೆ. (ತತ್ತ್ವಾರ್ಥಸೂತ್ರದಲ್ಲಿ ಇದು ಗುಣವ್ರತಗಳ ಸಾಲಿನಲ್ಲಿದೆ, ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಇಟ್ಟಿದ್ದಾರೆ. ಈ ಭೇದವನ್ನು ಕುರಿತು ಪಂಡಿತರು ಬೇಕಾದಷ್ಟು ಚರ್ಚಿಸಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.) ಎಲ್ಲೆಯ ಹೊರಗಿನ ಜೀವಿಗಳಿಗೆ ಅಷ್ಟು ಕಾಲ ತನ್ನಿಂದ ಅಭಯ ದೊರೆಯುತ್ತದೆಂಬುದು ಇದರ ಫಲ. ಶಕ್ತಿಯೂ ಬಿಡುವೂ ಉಳ್ಳ ಶ್ರಾವಕನೊಬ್ಬನು 'ರಜೆಯ ಈ ಹದಿನೈದು ದಿನ ಪ್ರಸಿದ್ಧ ಕ್ಷೇತ್ರಗಳತ್ತ ಹೋಗೆನು, ನನ್ನ ಊರಿನ ಬಸದಿಯಲ್ಲಿಯೇ ಇರುವೆನು' ಎಂದು ನಿಯಮ ಮಾಡಿದರೆ ಅದು ದೇಶವ್ರತದ ಆಶಯಕ್ಕೆ ಹೊರತಾದುದಲ್ಲವೆಂದು ನನ್ನ ಅಭಿಪ್ರಾಯ. ರಜೆಯ ದಿನಗಳಲ್ಲಿ ನಮ್ಮ ಊರುಗಳ ಬಸದಿಗಳು ಹೇಗಿರುತ್ತವೆಂಬುದನ್ನು ಬಲ್ಲವರು ಬಲ್ಲರು. ಇಂದ್ರರು ಅಭಿಷೇಕ ಮುಗಿಸಿ ಗಂಧೋದಕದ ಬಟ್ಟಲು ಹಿಡಿದು ನಿಂತರೆ ತೆಗೆದುಕೊಳ್ಳಲು ಇಬ್ಬರು ಮುದುಕರಿರುತ್ತಾರೆ.

ದಾನಿಗಳ ಪ್ರತ್ಯೇಕ ಬಾಗಿಲಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದೊಡ್ಡ ಮೊತ್ತ ಕೊಟ್ಟವರನ್ನು ಸಾಲು ತಪ್ಪಿಸಿ ಒಳಗೆ ಕರೆದೊಯ್ಯುವ ಪದ್ಧತಿ ದೇಶದ ಅನೇಕ ದೇವಾಲಯಗಳಲ್ಲಿದೆ. ಕೆಲವೆಡೆ ಅದಕ್ಕೆ ಟಿಕೇಟಿನ ದರವೂ ಗೊತ್ತಾಗಿದೆ. ನಮ್ಮವರಲ್ಲಿಯೂ ಕೆಲವರು 'ನಾವೂ ಹೀಗೇಕೆ ಮಾಡಬಾರದು, ಆದಾಯ ಬರುತ್ತದೆ, ಅನ್ನದಾನಕ್ಕೂ ಜೀರ್ಣೋದ್ಧಾರಕ್ಕೂ ಆಗುತ್ತದೆ' ಎನ್ನುತ್ತಾರೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಕಲಶಗಳಿಗೆ ಹಣ ಕಟ್ಟುವುದಿಲ್ಲವೇ, 2018ರಲ್ಲಿ ಮೊದಲ ಕಲಶವು ಹನ್ನೊಂದು ಕೋಟಿ ರೂಪಾಯಿಗೂ ಮೀರಿ ಹೋಗಲಿಲ್ಲವೇ ಎಂಬುದು ಅವರ ನಿದರ್ಶನ. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಾಗಿ ಈ ಎರಡರ ವ್ಯತ್ಯಾಸವನ್ನು ಹೇಳಬಲ್ಲೆ. ಕಲಶ ಹಿಡಿದವನು ತನ್ನದನ್ನು ಕೊಡುತ್ತಾನೆ. ಅವನು ಮೊದಲು ಎರೆದುದರಿಂದ ಬೆಟ್ಟದ ಕೆಳಗೆ ನಿಂತವನು ನೋಡುವ ಗೊಮ್ಮಟೇಶ್ವರನಿಗೆ ಏನೂ ಕಡಮೆಯಾಗುವುದಿಲ್ಲ. (ಆ ಪೈಪೋಟಿಯಲ್ಲಿ ಮಾನಕಷಾಯವೆಷ್ಟು ಎಂಬುದು ಬೇರೆ ಪ್ರಶ್ನೆ; ಅದನ್ನು ಹಿಡಿದವನ ಆತ್ಮವೇ ಉತ್ತರಿಸಬೇಕು.) ಸಾಲು ತಪ್ಪಿಸುವ ಟಿಕೇಟಿನಲ್ಲಾದರೋ ಮಾರಾಟವಾಗುವ ಸರಕು ಮಾರುವವನದಲ್ಲ. ಮೂರು ಗಂಟೆ ನಿಂತವನ ಕಾಲ ಅದು. ಅದನ್ನು ಧರ್ಮದರ್ಶಿಗಳು ಅವನನ್ನು ಕೇಳದೆ ಮಾರುತ್ತಾರೆ, ಹಣವನ್ನು ಹುಂಡಿಗೆ ಹಾಕುತ್ತಾರೆ, ರಸೀತಿಯನ್ನು ಮಾತ್ರ ಮತ್ತೊಬ್ಬನಿಗೆ ಕೊಡುತ್ತಾರೆ. ನನ್ನ ಅಂಗಡಿಯಲ್ಲಿ ಗುಮಾಸ್ತನೊಬ್ಬನು ಗಿರಾಕಿಯ ಚೀಲದಿಂದ ಸಾಮಾನು ತೆಗೆದು ಇನ್ನೊಬ್ಬ ಗಿರಾಕಿಗೆ ಮಾರಿದ್ದರೆ ಆ ಸಂಜೆಯೇ ಲೆಕ್ಕ ತೀರಿಸಿ ಕಳುಹಿಸುತ್ತಿದ್ದೆ. ಮುದುಕರು, ಬಸುರಿಯರು, ಕಾಲಿಲ್ಲದವರು ಇವರನ್ನು ಮುಂದೆ ಬಿಡುವುದು ಬೇರೆ ಮಾತು. ಅಲ್ಲಿ ಸಾಲಿನಲ್ಲಿರುವವನು ಬಿಟ್ಟುಕೊಡುತ್ತಾನೆ. ಬಿಟ್ಟುಕೊಟ್ಟುದರ ಪುಣ್ಯವೂ ಅವನದೇ.

ಸಂದಣಿಗೆ ಎಲ್ಲೆ ಹಾಕಿದರೆ ಬಾಗಿಲಿಗೆ ಬಂದವರನ್ನು ತಿರುಗಿಸಿದಂತಾಗುವುದಿಲ್ಲವೇ, ಅದು ಅಂತರಾಯವಲ್ಲವೇ ಎಂದು ಧರ್ಮದರ್ಶಿಗಳು ಅಂಜುವುದು ಸಹಜ. ಈ ಅಂಜಿಕೆಗೆ ಉತ್ತರವು ಲಾಲ್ ಮಂದಿರದ ಆವರಣದಲ್ಲಿಯೇ ಇದೆಯೆಂದು ನನಗೆ ಅನ್ನಿಸಿದೆ. ಮಂದಿರಕ್ಕೆ ಹೊಂದಿಕೊಂಡು ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯೊಂದಿದೆ. 1929ರಲ್ಲಿ ಆರಂಭವಾಗಿ, 1957ರಿಂದ ಈಗಿನ ಕಟ್ಟಡದಲ್ಲಿ ನಡೆಯುತ್ತಿದೆ. ಪಾರಿವಾಳ, ಗಿಳಿ, ಗುಬ್ಬಚ್ಚಿ ಮೊದಲಾದ ಹಕ್ಕಿಗಳನ್ನು ಗುಣವಾಗುವವರೆಗೆ ಪಂಜರಗಳಲ್ಲಿಟ್ಟು ಆರೈಕೆ ಮಾಡುತ್ತಾರೆ, ಗುಣವಾದವುಗಳನ್ನು ಹಾರಬಿಡುತ್ತಾರೆ. ರಜೆಯ ಗದ್ದಲಕ್ಕೂ ಈ ಆಸ್ಪತ್ರೆಗೂ ಇನ್ನೊಂದು ನಂಟಿದೆ. ಆಗಸ್ಟ್ 15ರ ಆಸುಪಾಸಿನಲ್ಲಿ ದೆಹಲಿಯ ಮಾಳಿಗೆಗಳಿಂದ ಗಾಳಿಪಟ ಹಾರಿಸುವುದು ಆ ಊರಿನ ರೂಢಿ. ಗಾಜಿನ ಪುಡಿ ಬಳಿದ ದಾರಕ್ಕೆ ರೆಕ್ಕೆ ಸಿಕ್ಕಿ ಕುಯ್ದುಕೊಂಡ ಹಕ್ಕಿಗಳು ಆ ದಿನಗಳಲ್ಲಿ ಇಲ್ಲಿಗೆ ರಾಶಿರಾಶಿಯಾಗಿ ಬರುತ್ತವೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನೈಲಾನ್ ದಾರವನ್ನು ದೇಶಾದ್ಯಂತ ನಿಷೇಧಿಸಿದ್ದರೂ ಅದು ಮಾರಾಟವಾಗುತ್ತಲೇ ಇದೆ. ದಾರ ಮಾರುವುದು ಹಿಂಸಾದಾನವೇ ಸರಿ. ಒಬ್ಬರ ರಜೆಯ ಖರ್ಚು ರಜೆಯೆಂದರೇನೆಂದೇ ಅರಿಯದ ಜೀವಿಯ ಖಾತೆಗೆ ಬೀಳುವುದೆಂದರೆ ಹೀಗೆ.

ಆದರೆ ನಾನು ಹೇಳಹೊರಟುದು ಹದ್ದು ಗಿಡುಗಗಳ ವಿಷಯ. ಮಾಂಸಾಹಾರಿ ಹಕ್ಕಿಗಳನ್ನು ಆ ಆಸ್ಪತ್ರೆಯವರು ಸಾಧು ಹಕ್ಕಿಗಳ ಜೊತೆ ಒಳಗಿಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಅವುಗಳಿಗೆ ಮಾಂಸ ಹಾಕಬೇಕು. ಪಾರಿವಾಳಗಳ ಪಕ್ಕದಲ್ಲಿ ಗಿಡುಗವನ್ನು ಇಡುವುದೂ ಆಗದ ಮಾತು. ಹಾಗೆಂದು ಬಾಗಿಲಿನಿಂದಲೇ ಅಟ್ಟುವುದೂ ಇಲ್ಲ. ಗಾಯ ತೊಳೆದು, ಮದ್ದು ಹಚ್ಚಿ, ಹೊರರೋಗಿಗಳಂತೆ ನೋಡಿ ಕಳುಹಿಸುತ್ತಾರೆ. ಇದನ್ನು ಪಕ್ಷಪಾತವೆಂದು ಆಕ್ಷೇಪಿಸಿದವರನ್ನು ನಾನು ಬಲ್ಲೆ. ನೋವಿಗೆ ಜಾತಿಯುಂಟೇ ಎಂಬ ಅವರ ಪ್ರಶ್ನೆ ಹಗುರವಾದುದಲ್ಲ. ಆದರೂ ತನ್ನ ಸ್ಥಳವೆಷ್ಟು, ತನ್ನ ವ್ರತವೇನು, ಈಗಾಗಲೇ ತನ್ನ ಆಶ್ರಯದಲ್ಲಿರುವವರು ಯಾರು ಎಂಬುದನ್ನು ಮರೆಯದೆ, ಹೊಸದಾಗಿ ಬಂದವನಿಗೂ ಸಾಧ್ಯವಾದುದನ್ನು ಮಾಡಿ ಕಳುಹಿಸುವ ಆ ಕ್ರಮದಲ್ಲಿ ಕರುಣೆಯೂ ವಿವೇಕವೂ ಕೂಡಿವೆ. 'ಇಲ್ಲ' ಎನ್ನದೆ 'ಇಷ್ಟು' ಎನ್ನಲು ಬರುತ್ತದೆಂಬುದಕ್ಕೆ ಅದು ಸಾಕ್ಷಿ. ಹಕ್ಕಿಗಳ ವಿಷಯದಲ್ಲಿ ಇಷ್ಟು ಎಚ್ಚರವಿರುವಾಗ ಮನುಷ್ಯರ ವಿಷಯದಲ್ಲಿಯೂ ಧರ್ಮದರ್ಶಿಗಳು 'ಒಂದು ಸಲಕ್ಕೆ ಇಷ್ಟು ಮಂದಿ, ಉಳಿದವರು ಅಂಗಳದಲ್ಲಿ ಕುಳಿತು ಣಮೋಕಾರವನ್ನು ಜಪಿಸಿರಿ' ಎಂದರೆ ಯಾರ ದರ್ಶನಕ್ಕೂ ಅಂತರಾಯವಾಗದು.

ಇದಕ್ಕೆ ಬೇಕಾದುದು ದೊಡ್ಡ ಬಂಡವಾಳವಲ್ಲ. ಕೂರಲು ಜಮಖಾನೆ, ಕುಡಿಯಲು ಸೋಸಿದ ನೀರು, ಚೆಲ್ಲಿದ ಅಕ್ಷತೆಯನ್ನು ಮೃದುವಾದ ಪೊರಕೆಯಿಂದ ಆಗಾಗ ಒತ್ತರಿಸಿ ತೆಗೆಯುವವರೊಬ್ಬರು, ಏರುವವರಿಗೂ ಇಳಿಯುವವರಿಗೂ ಬೇರೆ ಬೇರೆ ದಾರಿ. ತಾತ್ಕಾಲಿಕ ಅಟ್ಟಣೆ ಕಟ್ಟುವುದಿದ್ದರೆ ಎಂಜಿನಿಯರರ ಬರಹದ ಒಪ್ಪಿಗೆ ಬೇಕೇ ಬೇಕು. ಬಡಗಿಯ ಬಾಯಿಮಾತು ಸಾಲದು. ಹನ್ನೆರಡು ವರ್ಷಗಳ ಲೆಕ್ಕದಂತೆ ಬೆಳಗೊಳದ ಮುಂದಿನ ಮಹಾಮಸ್ತಕಾಭಿಷೇಕವು 2030ರಲ್ಲಿ ಬರಬೇಕು. ನಮ್ಮ ನಾಡಿನ ಚಿಕ್ಕಪುಟ್ಟ ಬಸದಿಗಳ ಮಂಡಳಿಗಳೂ ಆ ಹೊತ್ತಿಗೆ ತಮ್ಮಲ್ಲಿಗೆ ಬಂದುಹೋಗುವ ಯಾತ್ರಿಕರನ್ನು ಎಣಿಸಿಕೊಂಡು ಈಗಿನಿಂದಲೇ ಅಣಿಯಾಗುವುದು ಒಳಿತು.

ಇನ್ನು ಯಾತ್ರೆಯ ಮುಖಂಡರಿಗೆ ಒಂದು ಮಾತು. ದಸರೆಯ ಯಾತ್ರೆಯ ಪತ್ರಿಕೆಗಳು ನಮ್ಮ ಊರುಗಳಲ್ಲಿ ಶ್ರಾವಣದ ಹೊತ್ತಿಗೆ ಅಚ್ಚಾಗುತ್ತವೆ. ದೆಹಲಿಯ ದಿನವೂ ಆಗಲೇ ಗೊತ್ತಾಗುತ್ತದೆ. ಕೆಂಪುಕೋಟೆಯನ್ನೂ ಲಾಲ್ ಮಂದಿರವನ್ನೂ ಒಂದೇ ಹೊತ್ತಿನಲ್ಲಿ ಮುಗಿಸಬೇಕೆಂಬ ಆಸೆಯಿಂದ ಎಲ್ಲರೂ ಕೋಟೆ ತೆರೆದಿರುವ ದಿನವನ್ನೇ ಆರಿಸುತ್ತಾರೆ. ಕೋಟೆಗೆ ಸೋಮವಾರ ಬಿಡುವು. ಪ್ರವಾಸಿಗರ ಬಸ್ಸುಗಳು ಅಂದು ಆ ಕಡೆ ಅಷ್ಟಾಗಿ ಸುಳಿಯುವುದಿಲ್ಲ. ಬೆಳಗಿನ ಪೂಜೆಯ ವೇಳೆಯನ್ನು ಮಂದಿರದ ಕಚೇರಿಗೆ ಮೊದಲೇ ಬರೆದು ವಿಚಾರಿಸಿಕೊಂಡು, ಸೋಮವಾರ ಸೂರ್ಯೋದಯದ ಹೊತ್ತಿಗೆ ಅಲ್ಲಿರುವಂತೆ ಯಾತ್ರೆಯ ಪಟ್ಟಿಯನ್ನು ಹೊಂದಿಸಿದರೆ, ಮಾಸ್ತರರ ತಾಯಿಯಂಥವರು ಬಿಂಬದ ಎದುರು ಕಣ್ಮುಚ್ಚಿ ನಿಂತು, ತಾವಾಗಿಯೇ ಕಣ್ತೆರೆಯುವವರೆಗೂ ನಿಲ್ಲಬಹುದು.